ಉದ್ದ ನೋಡದೆ ಒಳಬಿಟ್ಟ ಗಾಡಿ

ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗದಲ್ಲಿ ಮಾಲೂರು ದಾಟಿದ ಮೇಲೆ ಸಿಗುವ ಸಣ್ಣ ನಿಲ್ದಾಣ ಟೇಕಲ್. ಇಂತಹ ಸಣ್ಣ ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ಗಾಡಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ಲೂಪ್ ಲೈನಿಗೆ ತಿರುಗಿಸುವುದು ಪ್ರಯಾಣಿಕರಿಗೆ ಪರಿಚಿತ ದೃಶ್ಯ. ಗಾಡಿ ಲೂಪ್ ಲೈನಿಗಿಂತ ಉದ್ದವಾಗಿದ್ದರೆ ಅದರ ಬಾಲ ಮುಖ್ಯ ಹಳಿಯ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಒಳಬಿಡುವ ಮೊದಲು ಉದ್ದ ನೋಡಲೇಬೇಕು.

ಕಂಪ್ಯೂಟರಿನ ನಿಯಮವೂ ಇದೇ. ಜಾಲದ ಮೂಲಕ ಬರುವ ಮಾಹಿತಿಯನ್ನು ಇಳಿಸಿಕೊಳ್ಳಲು ಅದು ತನ್ನ ಮೆಮೊರಿಯಲ್ಲಿ ಇಂತಿಷ್ಟು ಜಾಗ ಕಾದಿರಿಸುತ್ತದೆ. ಉದ್ದ ನೋಡದೆ ತುಂಬಿದರೆ ಹೆಚ್ಚಾದದ್ದು ಪಕ್ಕದ ಜಾಗಕ್ಕೆ ಹರಿದು ಅಲ್ಲಿದ್ದುದನ್ನು ಅಳಿಸುತ್ತದೆ. ಅಲ್ಲಿದ್ದುದು ಯಂತ್ರ ಮುಂದೇನು ಮಾಡಬೇಕೆಂಬ ಸೂಚನೆಯಾಗಿದ್ದರೆ, ಮಾಹಿತಿ ಕಳುಹಿಸಿದವನೇ ಯಂತ್ರದ ಒಡೆಯನಾಗುತ್ತಾನೆ.

ಈ ದೋಷ ಹೊಸದಲ್ಲ. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ 'ಹುಳು' ಯೂನಿಕ್ಸ್ ಯಂತ್ರಗಳಿಗೆ ನುಗ್ಗಲು ಬಳಸಿದ ದಾರಿಗಳಲ್ಲಿ ಇದೂ ಒಂದು. 512 ಬೈಟ್‌ಗಳ ಜಾಗಕ್ಕೆ ಅದು 536 ಬೈಟ್‌ಗಳನ್ನು ಕಳುಹಿಸುತ್ತಿತ್ತು. 1996ರ ಸುಮಾರಿಗೆ ಬೆಳಕಿಗೆ ಬಂದ 'ಪಿಂಗ್ ಆಫ್ ಡೆತ್' ದೋಷ ಕಾರ್ಯಾಚರಣಾ ವ್ಯವಸ್ಥೆಗಳ ಒಳಗೇ ಇತ್ತು. ಜಾಲದ ಒಂದು ಪೊಟ್ಟಣ 65,535 ಬೈಟ್‌ಗಳನ್ನು ಮೀರುವಂತಿಲ್ಲ. ತುಂಡು ತುಂಡಾಗಿ ಬಂದ ಪೊಟ್ಟಣವನ್ನು ಜೋಡಿಸುವಾಗ ಮಿತಿ ಮೀರಿದರೆ ಹಲವು ಬಗೆಯ ಯಂತ್ರಗಳು ಸ್ತಬ್ಧವಾಗುತ್ತಿದ್ದವು.

ಇದೇ ಬಗೆಯ ತಪ್ಪಿನ ಬಿಸಿ ಕೋಲಾರದ ನೆರೆಗೂ ತಟ್ಟಿದ್ದು 2017ರಲ್ಲಿ. ಕಡತ ಹಂಚಿಕೊಳ್ಳುವ ವಿಂಡೋಸ್‌ನ ಭಾಗವೊಂದರಲ್ಲಿ 32 ಬಿಟ್‌ಗಳ ಅಳತೆಯನ್ನು ತಿದ್ದುವಾಗ 16 ಬಿಟ್‌ಗಳನ್ನಷ್ಟೇ ತಿದ್ದಲಾಗುತ್ತಿತ್ತು. ಹೀಗಾಗಿ ಚಿಕ್ಕ ಜಾಗಕ್ಕೆ ದೊಡ್ಡ ಸರಕು ಇಳಿಯುತ್ತಿತ್ತು. ಮೇ 12ರಂದು ಈ ಬಿರುಕಿನಿಂದ ನುಗ್ಗಿದ 'ವಾನ್ನಾಕ್ರೈ' ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ಮುಳಬಾಗಿಲಿನ ಗಡಿಯಾಚೆಯ ಚಿತ್ತೂರು ಸೇರಿದಂತೆ ಆಂಧ್ರದ ಕೆಲವು ಜಿಲ್ಲೆಗಳ ಪೊಲೀಸ್ ಕಂಪ್ಯೂಟರುಗಳೂ ಇದಕ್ಕೆ ತುತ್ತಾದವು.

ವಿಷಾದದ ಸಂಗತಿಯೆಂದರೆ, ಮೈಕ್ರೋಸಾಫ್ಟ್ ಈ ದೋಷಕ್ಕೆ ದುರಸ್ತಿಯನ್ನು ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳು ಕಳೆದರೂ ಲಕ್ಷಾಂತರ ಯಂತ್ರಗಳಿಗೆ ಅದನ್ನು ಅಳವಡಿಸಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಂತಹ ಹಳೆಯ ಆವೃತ್ತಿಗಳಿಗೆ ಎಲ್ಲರಿಗೂ ದುರಸ್ತಿ ದೊರೆತದ್ದು ದಾಳಿ ಆರಂಭವಾದ ಮೇಲೆಯೇ.

ಉದ್ದ ನೋಡದೆ ಬರೆದದ್ದು ತಂತ್ರಜ್ಞರ ತಪ್ಪು. ದುರಸ್ತಿ ಕೈಗೆ ಬಂದ ಮೇಲೂ ಹಾಕಿಕೊಳ್ಳದಿರುವುದು ಬಳಸುವವರದು. ಪಹಣಿಯಿಂದ ಪಡಿತರದವರೆಗೆ ಎಲ್ಲವೂ ಕಂಪ್ಯೂಟರಿಗೆ ಸೇರಿರುವಾಗ, ಆ ಎರಡನೆಯ ತಪ್ಪಿನ ಬೆಲೆ ತೆರುವವರು ಕಚೇರಿಯ ಕಿಟಕಿಯ ಮುಂದೆ ಸಾಲು ನಿಂತ ಜನ.