ಜನವರಿ 23, ಮಂಗಳವಾರ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ಕೋತೀವಿ ಅನ್ನೋರಿಗೆ ಎಂದಿನಂತೆ ಈ ಬರಹರೂಪ. ಮಾತಾಡುವಾಗ ತಡವರಿಸಿದ್ದನ್ನು ತೆಗೆದಿದ್ದೇನೆ, ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.

ಜನವರಿ ತಿಂಗಳ ದಿನಗಳ ಬಗ್ಗೆ ಮಾತಾಡೋಣ ಅಂತ ಕೂತಾಗ ನಮ್ಮಂಥ ಹೈದರಾಬಾದಿನ ಕನ್ನಡಿಗರಿಗೆ ಸಂಬಂಧಪಟ್ಟ ತಾರೀಕುಗಳು ಒಂದರ ಹಿಂದೊಂದು ಬಂದವು. 2009ರ ಜನವರಿ 7: ಸತ್ಯಂ ಕಂಪನಿಯ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಲೆಕ್ಕಪುಸ್ತಕದಲ್ಲಿ ತೋರಿಸಿರೋ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡ ದಿನ. ನಾನಾಗ ಬಿಇ ಓದ್ತಿದ್ದೆ. ನಮ್ಮ ಸೀನಿಯರ್‌ಗಳ ಮುಖ ಹೇಗಾಗಿತ್ತು ಅನ್ನೋದು ಇನ್ನೂ ನೆನಪಿದೆ. 1950ರ ಜನವರಿ 26: ದೇಶ ಗಣರಾಜ್ಯವಾಯ್ತು, ಅದೇ ದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೈದರಾಬಾದ್ ರಾಜ್ಯಕ್ಕೆ ರಾಜಪ್ರಮುಖರಾದರು. ಆಗ ಬೀದರ್, ಗುಲ್ಬರ್ಗಾ, ರಾಯಚೂರು ಈ ರಾಜ್ಯದಲ್ಲೇ ಇದ್ದವು. 2013ರ ಜನವರಿ 1: 371(ಜೆ) ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನನ್ನ ತಂಗಿಗೆ ಸೀಟು ಸಿಕ್ಕಿದ್ದು ಅದರಿಂದಲೇ, ಹಾಗಾಗಿ ನಮ್ಮ ಮನೆಯಲ್ಲಿ ಅದು ಹೊಸ ವರ್ಷಕ್ಕಿಂತ ದೊಡ್ಡ ದಿನ.

ಇವೆಲ್ಲದರ ಬಗ್ಗೆ ಬೇರೆ ಬೇರೆ ವಿಡಿಯೊ ಮಾಡಬಹುದು. ಇವತ್ತು ಮಾತ್ರ ಒಂದೇ ದಿನ. 1565ರ ಜನವರಿ 23. ತಾಳೀಕೋಟೆ ಯುದ್ಧ ಅಥವಾ ರಕ್ಕಸ-ತಂಗಡಗಿ ಕಾಳಗ. ಇದನ್ನೇ ಯಾಕೆ ಆರಿಸಿದೆ ಅಂದ್ರೆ, ಈ ದಿನದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ.

ಹಿಂದಿನ ವರ್ಷ ಜನವರಿ 23ರ ಬೆಳಿಗ್ಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬಂತು. ನಿಮಗೂ ಬಂದಿರುತ್ತೆ. ನಾಲ್ಕು ಸುಲ್ತಾನರು ಒಂದಾಗಿ ಹಿಂದೂ ಸಾಮ್ರಾಜ್ಯ ಮುಗಿಸಿದರು, ಗಿಲಾನಿ ಸಹೋದರರು ಬೆನ್ನಿಗೆ ಚೂರಿ ಹಾಕಿದರು, ಇವರನ್ನು ನಂಬಬೇಡಿ, ಹತ್ತು ಜನಕ್ಕೆ ಕಳಿಸಿ. ಹಂಪಿಯ ಫೋಟೊ, ಕೆಳಗೆ ಬೆಂಕಿಯ ಚಿಹ್ನೆ. ನಾನು ಮೀಟಿಂಗ್ ಮಧ್ಯೆ ಅದನ್ನು ಕಾಲೇಜು ಗೆಳೆಯರಿಗೆ ಕಳಿಸೋಕೆ ಹೋಗಿ ಆಫೀಸಿನ ಟೀಮ್ ಗುಂಪಿಗೆ ಕಳಿಸಿಬಿಟ್ಟೆ. ಡಿಲೀಟ್ ಮಾಡುವಷ್ಟರಲ್ಲಿ ಒಂಬತ್ತು ಜನ ನೋಡಿಯಾಗಿತ್ತು. ಅದರಲ್ಲಿ ಒಬ್ಬ ನನ್ನ ಪಕ್ಕದ ಸೀಟಿನವ, ಟೋಲಿಚೌಕಿಯ ಹುಡುಗ, ನಾಲ್ಕು ವರ್ಷದಿಂದ ಒಟ್ಟಿಗೆ ಊಟ ಮಾಡೋ ಗೆಳೆಯ. ಅವನು ಏನೂ ಅನ್ನಲಿಲ್ಲ. ಸಂಜೆ ಚಹಾ ಕುಡಿವಾಗ ಒಂದೇ ಪ್ರಶ್ನೆ ಕೇಳಿದ: "ಭಾಯ್, ನಿಮ್ಮೂರು ಮುದಗಲ್ ಅಲ್ವಾ? ಆ ಮೊಹರಂ ಮುದಗಲ್?"

ಹೌದು, ಅದೇ ಮುದಗಲ್. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕು. ಗೊತ್ತಿಲ್ಲದವರಿಗೆ ಹೇಳ್ತೀನಿ, ನಮ್ಮೂರ ಮೊಹರಂಗೆ ಸುತ್ತಲ ಜಿಲ್ಲೆಗಳಿಂದ ಸಾವಿರಾರು ಜನ ಬರ್ತಾರೆ, ಅವರಲ್ಲಿ ಹಿಂದೂಗಳೇ ಎಷ್ಟೋ ಮಂದಿ. ನನ್ನ ಅಜ್ಜ ಅಲಾಯಿ ಕುಣಿಯೋರು, ರಿವಾಯತ್ ಪದ ಹಾಡೋರು. ಅವ್ವ ಈಗಲೂ ದೇವರಿಗೆ ಸಕ್ಕರೆ ಓದಿಸ್ತಾಳೆ. ಅಂಥ ಊರಿಂದ ಬಂದವ ನಾನು. ಆ ಪ್ರಶ್ನೆಗೆ ಉತ್ತರ ಕೊಡೋಕೆ ಬಾಯಿ ಬರಲಿಲ್ಲ. ಅವತ್ತು ರಾತ್ರಿಯಿಂದ ಓದೋಕೆ ಶುರು ಮಾಡಿದೆ. ಎಂಟೆಕ್ ಥೀಸಿಸ್‌ಗೂ ಅಷ್ಟು ಓದಿರಲಿಲ್ಲ.

ಮೊದಲು ತಾರೀಕನ್ನೇ ನೋಡೋಣ, ನಮ್ಮ ಜಾತಿಗೆ ಅದೇ ಮೊದಲು ಕಣ್ಣಿಗೆ ಬೀಳೋದು. ಜನವರಿ 23 ಅಂತ ಆ ಕಾಲದವರು ಯಾರೂ ಬರೆದಿಲ್ಲ. ಸಿಗೋದು ಹಿಜರಿ 972ರ ಜುಮಾದಾ-ಉಸ್-ಸಾನಿ 20. ಅದನ್ನು ಜೂಲಿಯನ್ ಕ್ಯಾಲೆಂಡರಿಗೆ ಬದಲಾಯಿಸಿದರೆ 1565ರ ಜನವರಿ 23, ಮಂಗಳವಾರ. ನಾವೀಗ ಬಳಸೋ ಗ್ರೆಗೋರಿಯನ್ ಕ್ಯಾಲೆಂಡರ್ ಆಗ ಹುಟ್ಟಿರಲೇ ಇಲ್ಲ, ಅದು ಬಂದದ್ದು 1582ರಲ್ಲಿ. ಅದರ ಪ್ರಕಾರ ಎಣಿಸಿದರೆ ಹತ್ತು ದಿನ ಮುಂದೆ ಹೋಗಿ ಫೆಬ್ರುವರಿ 2 ಆಗುತ್ತೆ. ವಾರ ಮಾತ್ರ ಬದಲಾಗಲ್ಲ, ಎರಡರಲ್ಲೂ ಮಂಗಳವಾರವೇ. ಟೈಮ್‌ಝೋನ್ ಬಗ್‌ಗೆ ರಾತ್ರಿಯೆಲ್ಲ ಎದ್ದು ಕೂತವರಿಗೆ ಇದು ಹೊಸದಲ್ಲ ಬಿಡಿ. ಇನ್ನು ಜಾಗ. ತಾಳೀಕೋಟೆ ಅನ್ನೋದು ಸುಲ್ತಾನರ ಸೈನ್ಯಗಳು ಬಂದು ಸೇರಿದ ಊರು. ರಕ್ಕಸಗಿ, ತಂಗಡಗಿ ಕೃಷ್ಣೆಯ ದಂಡೆಯ ಹಳ್ಳಿಗಳು. ನಿಜವಾಗಿ ಹೊಡೆದಾಡಿದ್ದು ಹೊಳೆಯ ದಕ್ಷಿಣಕ್ಕೆ, ಅಂದ್ರೆ ನಮ್ಮ ದೋಆಬಿನ ಕಡೆಗೆ, ಅಂತ ವಾದಿಸೋ ವಿದ್ವಾಂಸರೂ ಇದ್ದಾರೆ.

ಈಗ ಮನುಷ್ಯರ ವಿಷಯಕ್ಕೆ ಬರ್ತೀನಿ. ನನಗೆ ನಿದ್ದೆ ಕೆಡಿಸಿದ್ದು ಇಲ್ಲಿ.

ಅಳಿಯ ರಾಮರಾಯ. ಕೃಷ್ಣದೇವರಾಯನ ಅಳಿಯ, ಹೆಸರಿಗೆ ಸದಾಶಿವರಾಯ ದೊರೆ, ಆದರೆ ಇಪ್ಪತ್ತು ವರ್ಷ ರಾಜ್ಯ ನಡೆಸಿದವ ಇವನೇ. ಇವನ ಮೊದಲ ನೌಕರಿ ಎಲ್ಲಿ ಗೊತ್ತಾ? ಗೋಲ್ಕೊಂಡದಲ್ಲಿ. ಗೋಲ್ಕೊಂಡದ ಒಬ್ಬ ಹೆಸರಿಲ್ಲದ ಚರಿತ್ರಕಾರ ಹೇಳೋ ಪ್ರಕಾರ, ಸುಲ್ತಾನ್ ಕುಲಿ ಕುತುಬ್ ಶಾಹ ತರುಣ ರಾಮರಾಯನಿಗೆ ಒಂದು ಸೀಮೆ ನೋಡಿಕೊಳ್ಳೋ ಕೆಲಸ ಕೊಟ್ಟಿದ್ದ. ಕೆಲ ವರ್ಷದಲ್ಲಿ ಬಿಜಾಪುರದವರು ಮೇಲೆ ಬಿದ್ದಾಗ ರಾಮರಾಯ ಜಾಗ ಬಿಟ್ಟು ಗೋಲ್ಕೊಂಡಕ್ಕೆ ಓಡಿಬಂದ, ಹೇಡಿ ಅಂತ ಸುಲ್ತಾನ ಕೆಲಸದಿಂದ ತೆಗೆದ. ಆಮೇಲೆ ವಿಜಯನಗರಕ್ಕೆ ಹೋಗಿ ಸೇರಿದ್ದು, ಕೃಷ್ಣದೇವರಾಯ ಮಗಳನ್ನು ಕೊಟ್ಟಿದ್ದು. ಹೈದರಾಬಾದಿನಲ್ಲಿ ಕೆಲಸ ಹೋಗಿ ಬೇರೆ ಕಡೆ ದೊಡ್ಡ ಹುದ್ದೆ ಹಿಡಿದವರು ನಮ್ಮ ನಡುವೆಯೂ ಇದ್ದಾರೆ, ಅವರಿಗೆ ಈ ಕಥೆ ಇಷ್ಟವಾಗಬಹುದು.

ಎದುರು ಕಡೆ ಇದ್ದ ಇಬ್ರಾಹಿಂ ಕುತುಬ್ ಶಾಹನದು ಇದರ ಉಲ್ಟಾ. 1543ರಲ್ಲಿ ಮುದುಕ ಸುಲ್ತಾನ್ ಕುಲಿ ಕೊಲೆಯಾದ, ಮಗ ಜಮ್ಶೀದ್ ಪಟ್ಟ ಏರಿದ. ಚಿಕ್ಕ ತಮ್ಮ ಇಬ್ರಾಹಿಂ ಜೀವ ಉಳಿಸಿಕೊಂಡು ಓಡಿದ. ಬೀದರ್‌ನಲ್ಲೂ ನಿಲ್ಲೋಕಾಗದೆ ಕೊನೆಗೆ ವಿಜಯನಗರಕ್ಕೆ ಬಂದ. ರಾಮರಾಯ ಅವನನ್ನು ಏಳು ವರ್ಷ ಇಟ್ಟುಕೊಂಡು ಸಾಕಿದ. ಆ ಹುಡುಗ ಹಂಪಿಯ ಬೀದಿಯಲ್ಲಿ ಬೆಳೆದ, ತೆಲುಗು ಕಾವ್ಯದ ರುಚಿ ಹಚ್ಚಿಕೊಂಡ. 1550ರಲ್ಲಿ ಗೋಲ್ಕೊಂಡಕ್ಕೆ ಮರಳಿ ಸುಲ್ತಾನನಾದ ಮೇಲೆ ತೆಲುಗು ಕವಿಗಳು ಅವನನ್ನು ಮಲ್ಕಿಭರಾಮ ಅಂತ ಕರೆದರು. ಅದ್ದಂಕಿ ಗಂಗಾಧರ ಕವಿ ತನ್ನ ಕಾವ್ಯವನ್ನು ಅವನಿಗೆ ಅಂಕಿತ ಮಾಡಿದ. ನಾವು ಭಾನುವಾರ ಸಂಜೆ ಮಕ್ಕಳನ್ನು ಕರ್ಕೊಂಡು ಹೋಗೋ ಹುಸೇನ್ ಸಾಗರ್, ಮೂಸಿ ಮೇಲಿನ ಪುರಾನಾ ಪುಲ್, ಎರಡೂ ಅವನ ಕಾಲದವು.

ಬಿಜಾಪುರದ ಅಲಿ ಆದಿಲ್ ಶಾಹನ ಕಥೆ ಇನ್ನೂ ವಿಚಿತ್ರ. ರಾಮರಾಯನ ಮಗ ತೀರಿಕೊಂಡಾಗ ಅಲಿ ಕೆಲವೇ ಜನರೊಂದಿಗೆ ಸ್ವತಃ ವಿಜಯನಗರಕ್ಕೆ ಬಂದು ಸಂತಾಪ ಹೇಳಿದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತಲೇ ಕರೆದಳು ಅಂತ ಬಿಜಾಪುರದ ಚರಿತ್ರಕಾರ ಫರಿಷ್ತಾ ಬರೆಯುತ್ತಾನೆ. ಅದಾದ ಮೇಲೆ ಅಲಿ, ಇಬ್ರಾಹಿಂ, ರಾಮರಾಯ ಮೂವರೂ ಸೇರಿ ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಮೇಲೆ ಏರಿ ಹೋದದ್ದೂ ಉಂಟು. ಇದೆಲ್ಲ 1565ಕ್ಕಿಂತ ಆರೇಳು ವರ್ಷ ಮೊದಲಷ್ಟೇ.

ಹಾಗಾದ್ರೆ ಇವರೆಲ್ಲ ರಾಮರಾಯನ ಮೇಲೆ ಯಾಕೆ ತಿರುಗಿಬಿದ್ದರು? ಧರ್ಮದ ಮಾತು ಇರಲೇ ಇಲ್ಲ ಅಂತ ನಾನು ಹೇಳಲ್ಲ. ಅಹಮದ್‌ನಗರದ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಕೆಡಿಸಿದರು ಅನ್ನೋ ದೂರು ಫರಿಷ್ತಾನ ಬರಹದಲ್ಲಿದೆ. ಆದರೆ ನನಗೆ ಹೆಚ್ಚು ನಂಬಿಕೆ ಬಂದದ್ದು ಭೂಮಿಯ ಲೆಕ್ಕದಲ್ಲಿ. ರಾಮರಾಯ ಇಪ್ಪತ್ತು ವರ್ಷ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ ಆಟ ಆಡಿದ, ಪ್ರತಿ ಆಟಕ್ಕೂ ಒಂದೆರಡು ಕೋಟೆ ಕೂಲಿ ತಗೊಂಡ. ತಾನೇ ಸಾಕಿದ ಇಬ್ರಾಹಿಮನಿಂದಲೂ ಘನಪುರ, ಪಾನಗಲ್ ಕೋಟೆಗಳನ್ನು ಕಿತ್ತುಕೊಂಡ. ಇವತ್ತು ಅವೆರಡೂ ವನಪರ್ತಿ ಕಡೆ ಇವೆ. ಹಳೆಯ ಚಾಲುಕ್ಯರ ರಾಜಧಾನಿ ಕಲ್ಯಾಣ, ನಮ್ಮ ಬಸವಕಲ್ಯಾಣ, ಅದರ ಕೋಟೆಗಾಗಿ ಮತ್ತೆ ಮತ್ತೆ ಕಾದಾಟ ನಡೀತು. ಚಾಲುಕ್ಯರ ವಾರಸುದಾರ ಅನ್ನಿಸಿಕೊಳ್ಳೋ ಆಸೆ ರಾಮರಾಯನಿಗೆ ಇತ್ತು ಅಂತ ರಿಚರ್ಡ್ ಈಟನ್, ಫಿಲಿಪ್ ವ್ಯಾಗನರ್ ವಾದಿಸ್ತಾರೆ. ಇನ್ನು ನಮ್ಮ ರಾಯಚೂರು, ಮುದಗಲ್ ಕೋಟೆಗಳಂತೂ ಇನ್ನೂರು ವರ್ಷ ಕೈಯಿಂದ ಕೈಗೆ ಹೋಗ್ತಾನೇ ಇದ್ದವು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದನ್ನು ಶಾಲೆಯಲ್ಲಿ ಓದಿದ್ದೀವಲ್ಲ.

ಕೊನೆಗೆ ಅವರಿಗೆ ಬುದ್ಧಿ ಬಂತು. ಬಿಜಾಪುರ-ಅಹಮದ್‌ನಗರದ ನಡುವೆ ಸಂಧಾನಕ್ಕೆ ನಿಂತವ ಇಬ್ರಾಹಿಮನೇ. ಹುಸೇನನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟು ಮದುವೆ ಮಾಡಿದರು, ಸೊಲ್ಲಾಪುರದ ಕೋಟೆ ವರದಕ್ಷಿಣೆ. ಅಲಿಯ ತಂಗಿ ಹುಸೇನನ ಮಗನ ಮನೆ ತುಂಬಿದಳು. ಬೀದರಿನ ಅಲಿ ಬರೀದನೂ ಸೇರಿದ. ಬೀರಾರದವನು ಬರಲಿಲ್ಲ. ಎಲ್ಲ ಸುಲ್ತಾನರೂ ಒಂದಾದರು ಅನ್ನೋ ಮೆಸೇಜಿನಲ್ಲಿ ಈ ಐದನೆಯವನ ಸುದ್ದಿಯೇ ಇರಲ್ಲ.

ಯುದ್ಧದ ದಿನ ರಾಮರಾಯನಿಗೆ ಎಂಬತ್ತರ ಆಸುಪಾಸು. ಕುದುರೆ ಹತ್ತಿ ಅಂತ ಜೊತೆಯವರು ಅಂದರೂ ಪಲ್ಲಕ್ಕಿಯಲ್ಲೇ ಕೂತಿದ್ದ. ಎಡ ಬಲದಲ್ಲಿ ತಮ್ಮಂದಿರು ತಿರುಮಲ, ವೆಂಕಟಾದ್ರಿ. ಮೊದಮೊದಲು ವಿಜಯನಗರದ ಕೈಯೇ ಮೇಲಿತ್ತು. ಆದರೆ ಹುಸೇನ್ ನಿಜಾಮ್ ಶಾಹನ ಮುಂದೆ ಸಾಲು ಸಾಲು ತೋಪುಗಳಿದ್ದವು. ಹತ್ತಿರ ಬರೋತನಕ ಕಾದು, ತಾಮ್ರದ ಕಾಸು ತುಂಬಿದ ಚೀಲಗಳನ್ನು ತೋಪಿಗೆ ತುರುಕಿ ಹಾರಿಸಿದರು ಅಂತಾನೆ ಫರಿಷ್ತಾ. ಆ ಗದ್ದಲದಲ್ಲಿ ಆನೆಯೊಂದು ನುಗ್ಗಿ ಬಂದು ಪಲ್ಲಕ್ಕಿ ಹೊತ್ತವರು ಓಡಿಹೋದರು, ಮುದುಕ ಸಿಕ್ಕಿಬಿದ್ದ. ಹುಸೇನ್ ತಡಮಾಡದೆ ತಲೆ ಕಡಿಸಿ ಈಟಿಯ ತುದಿಗೆ ಏರಿಸಿದ. ಅದನ್ನು ನೋಡಿದ ಸೈನ್ಯ ಚೆದುರಿತು. ತಿರುಮಲ ರಾಜಧಾನಿಗೆ ಓಡಿಬಂದು, ಸದಾಶಿವರಾಯನನ್ನೂ ಭಂಡಾರವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೊರಟ. ಹಂಪಿಯನ್ನು ತಿಂಗಳುಗಟ್ಟಲೆ ಸುಲಿದರು. ಅದು ಸಣ್ಣ ಮಾತಲ್ಲ. ಅದನ್ನು ಸಣ್ಣದು ಮಾಡಿ ಹೇಳೋಕೆ ನಾನು ಈ ವಿಡಿಯೊ ಮಾಡಿಲ್ಲ.

ಇನ್ನು ಗಿಲಾನಿ ವಿಷಯ. ಇಬ್ಬರು ಮುಸ್ಲಿಂ ಸೇನಾನಿಗಳು ನಡುವೆ ಪಕ್ಷ ಬದಲಿಸಿದರು ಅಂತ ಬರೆದವನು ವೆನಿಸ್‌ನ ವ್ಯಾಪಾರಿ ಸೀಸರ್ ಫೆಡರಿಚಿ. ಅವನು ಹಂಪಿಗೆ ಬಂದಿದ್ದು 1567ರಲ್ಲಿ, ಎರಡು ವರ್ಷ ಆದ್ಮೇಲೆ. ಅವನು ಕೇಳಿದ್ದು ಸುಳ್ಳೇ ಇರಬೇಕು ಅಂತಿಲ್ಲ. ಫರಿಷ್ತಾ ಮಾತ್ರ ಗೆಲುವಿನ ಶ್ರೇಯವನ್ನು ತೋಪುಗಳಿಗೆ ಕೊಡ್ತಾನೆ. ಗಿಲಾನಿ ಅನ್ನೋ ಹೆಸರು ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು 1551ರ ಬೇವಿನಹಳ್ಳಿ ತಾಮ್ರಶಾಸನ. ಬಿಜಾಪುರ ಬಿಟ್ಟು ರಾಮರಾಯನ ಹತ್ತಿರ ಬಂದ ಐನ್-ಉಲ್-ಮುಲ್ಕ್ ಗಿಲಾನಿ ಎಂಬ ಸರದಾರ ಕೇಳಿಕೊಂಡಿದ್ದರಿಂದ ಒಂದು ಹಳ್ಳಿಯನ್ನು ಬ್ರಾಹ್ಮಣರಿಗೆ ದಾನ ಕೊಟ್ಟ ಶಾಸನ ಅದು. ಇದರಿಂದ 1565ರಲ್ಲಿ ದ್ರೋಹ ಆಗಲಿಲ್ಲ ಅಂತ ಸಾಬೀತಾಗಲ್ಲ, ನನಗೂ ಗೊತ್ತು. ಆದರೆ ಆ ವಾಟ್ಸಾಪ್ ಮೆಸೇಜಿನಲ್ಲಿ ಈ ತಾಮ್ರಪಟಕ್ಕೆ ಜಾಗ ಇಲ್ಲ. ಇಂಥದ್ದು ಬಿಟ್ಟುಹೋದರೇನೇ ಆ ಮೆಸೇಜ್ ಅಷ್ಟು ಚೆನ್ನಾಗಿ ಓಡೋದು.

ಗೆದ್ದವರ ಗೆಳೆತನವೂ ಬಹಳ ದಿನ ಉಳೀಲಿಲ್ಲ. ರಾಯಚೂರು, ಮುದಗಲ್ ಬಿಜಾಪುರಕ್ಕೆ ಹೋದವು, ಮತ್ತೆ ಜಗಳ ಶುರು. 26 ವರ್ಷ ಕಳೆದು 1591ರಲ್ಲಿ ಇಬ್ರಾಹಿಮನ ಮಗ ಮಹಮ್ಮದ್ ಕುಲಿ ಮೂಸಿಯ ಆಚೆ ದಡದಲ್ಲಿ ಚಾರ್‌ಮಿನಾರ್ ಕಟ್ಟಿ ಹೊಸ ಊರು ಮಾಡಿದ. ಅದೇ ನಮಗೆ ಅನ್ನ ಕೊಡ್ತಿರೋ ಹೈದರಾಬಾದ್.

ಇಷ್ಟು ಓದಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ನಾನೇ ಪಕ್ಕದ ಸೀಟಿನವನಿಗೆ ಫೋನ್ ಮಾಡಿದೆ, ಇಬ್ರಾಹಿಂ ಬಾಗ್‌ಗೆ ಹೋಗೋಣ ಬಾ ಅಂತ. ಗಚ್ಚಿಬೌಲಿಯಿಂದ ಎಷ್ಟು ದೂರ, ಟ್ರಾಫಿಕ್ ಇಲ್ಲದಿದ್ರೆ ಅರ್ಧ ತಾಸು. ಆರು ವರ್ಷ ಆ ದಾರಿಯಲ್ಲಿ ಓಡಾಡಿಯೂ ಒಳಗೆ ಕಾಲಿಟ್ಟಿರಲಿಲ್ಲ. ಆಗಾ ಖಾನ್ ಟ್ರಸ್ಟಿನವರು ವರ್ಷಗಟ್ಟಲೆ ಕೆಲಸ ಮಾಡಿ ಗೋರಿಗಳನ್ನೆಲ್ಲ ಚೆನ್ನಾಗಿ ದುರಸ್ತಿ ಮಾಡಿದ್ದಾರೆ. ಇಬ್ರಾಹಿಂ 1580ರಲ್ಲಿ ತೀರಿಕೊಂಡ. ಅವನ ಗೋರಿಯ ಗೋಡೆಗೆ ಒಂದು ಕಾಲಕ್ಕೆ ಬಣ್ಣದ ಹೊಳಪಿನ ಬಿಲ್ಲೆಗಳನ್ನು ಹೊದಿಸಿದ್ದರಂತೆ, ಅಲ್ಲಲ್ಲಿ ಚೂರು ಉಳಿದಿದೆ. ಇಲ್ಲಿ ಮಲಗಿರೋನು ಏಳು ವರ್ಷ ಹಂಪಿಯ ಅನ್ನ ಉಂಡವ, ಅನ್ನ ಹಾಕಿದವನ ಮೇಲೆ ಸೈನ್ಯ ತಂದವ, ಅವನಿಂದ ಕೋಟೆ ಕಳಕೊಂಡವ. ಇವನನ್ನು ಯಾವ ಪಟ್ಟಿಗೆ ಸೇರಿಸೋದು ಅಂತ ನನಗೆ ತಿಳೀಲಿಲ್ಲ. ಗೆಳೆಯನಿಗೆ ಸಾರಿ ಅಂದೆ. ಅವನು, "ಛೋಡೋ ಭಾಯ್, ಮುದಗಲ್‌ಗೆ ಯಾವಾಗ ಕರ್ಕೊಂಡು ಹೋಗ್ತೀಯ ಹೇಳು" ಅಂದ. ಮೊಹರಂಗೆ ಬಂದ. ಮಹಬೂಬ್‌ನಗರ, ಮಕ್ತಲ್ ದಾಟಿ ಕೃಷ್ಣಾ ಸೇತುವೆ ಬಂದಾಗ ಕಾರು ನಿಲ್ಲಿಸಿ ಹೊಳೆ ನೋಡಿದೆವು. ಅವ್ವ ಅವನಿಗೆ ಸಕ್ಕರೆ ಕೊಟ್ಟು, "ಎಷ್ಟು ಬಡಕಲಾಗಿದ್ದೀಯಪ್ಪ, ಅಲ್ಲಿ ಊಟ ಸರಿ ಇಲ್ಲೇನು?" ಅಂದಳು. ದಿನಾ ಬಿರಿಯಾನಿ ಹೊಡೆಯೋ ಹುಡುಗ, ಏನೂ ಅನ್ನದೆ ಎರಡು ರೊಟ್ಟಿ ಹೆಚ್ಚು ತಿಂದ.

ಈ ವರ್ಷ ಜನವರಿ 23ಕ್ಕೆ ಅದೇ ಮೆಸೇಜ್ ಊರಿನ ಗುಂಪಿಗೆ ಮತ್ತೆ ಬಂತು, ಅದೇ ಫೋಟೊ. ಈ ಸಲ ನಾನು ಬೇವಿನಹಳ್ಳಿ ಶಾಸನ, ಏಳು ವರ್ಷದ ಹಂಪಿ ವಾಸ, ಕ್ಯಾಲೆಂಡರ್ ಲೆಕ್ಕ ಎಲ್ಲ ಸೇರಿಸಿ ಉದ್ದಕ್ಕೆ ಟೈಪ್ ಮಾಡಿ ಹಾಕಿದೆ, ಇಬ್ರಾಹಿಂ ಬಾಗ್‌ನ ನಾಲ್ಕು ಫೋಟೊನೂ ಸೇರಿಸಿದೆ. ಇಬ್ಬರು ಹೆಬ್ಬೆರಳು ಎತ್ತಿದರು, ಒಬ್ಬ ಗುಂಪು ಬಿಟ್ಟು ಹೋದ. ಕೊಂಡಾಪುರದಲ್ಲಿರೋ ನಮ್ಮೂರಿನ ಒಬ್ಬಾಕೆ ಮಾತ್ರ ಪ್ರಶ್ನೆ ಕೇಳಿದರು: "ಅಣ್ಣ, ಅಲ್ಲಿ ಪಾರ್ಕಿಂಗ್ ಸಿಗ್ತದೇನು?" ಬೆಳಿಗ್ಗೆ ಬೇಗ ಹೋದರೆ ಸಿಗ್ತದೆ ಅಂತ ಬರೆದೆ.