ಮೊಟ್ಟೆ ಹುಡುಕುವ ಕೋಲು

ಕಡಲಾಮೆಯ ಗೂಡು ಹುಡುಕುವುದು ನಮ್ಮ ಕುಂದಾಪುರದ ಕೋಡಿಯಲ್ಲಿ ಒಂದು ವಿದ್ಯೆಯೇ ಆಗಿತ್ತು. ದೀಪಾವಳಿ ಕಳೆದು ಇಬ್ಬನಿ ಬೀಳತೊಡಗಿದ ಮೇಲೆ ನನ್ನ ದೊಡ್ಡಪ್ಪ ಬೆಳಗಿನ ಜಾವಕ್ಕೇ ಎದ್ದು ಕಡಲ ಕರೆಗೆ ಹೋಗುತ್ತಿದ್ದರು. ಕೈಯಲ್ಲಿ ಹೆಬ್ಬೆರಳು ದಪ್ಪದ ಒಂದು ಕೋಲು. ರಾತ್ರಿ ಮೇಲೆ ಬಂದು ಹೋದ ಆಮೆ ಹೊಯ್ಗೆಯ ಮೇಲೆ ಎರಡು ಸಾಲು ಬಿಟ್ಟಿರುತ್ತದೆ, ಹತ್ತಿದ್ದೊಂದು, ಇಳಿದದ್ದೊಂದು. ಅವೆರಡೂ ಕೂಡುವಲ್ಲಿ ಹೊಯ್ಗೆ ಕಲಕಿರುತ್ತದೆ. ಆದರೆ ಗೂಡು ಇರುವ ಜಾಗ ಅಲ್ಲೇ ಎಂದು ಹೇಳಲಾಗದು. ಮೊಟ್ಟೆಯಿಟ್ಟ ಆಮೆ ಹಿಂಗಾಲಿನಿಂದ ಗುಂಡಿ ಮುಚ್ಚಿ, ಮೈಯನ್ನು ಎಡಕ್ಕೂ ಬಲಕ್ಕೂ ಓಲಾಡಿಸಿ ಎದೆಯ ಚಿಪ್ಪಿನಿಂದ ನೆಲ ಬಡಿದು ಗಟ್ಟಿ ಮಾಡಿ, ಸುತ್ತಲೂ ಹೊಯ್ಗೆ ಎರಚಿ ಹೋಗಿರುತ್ತದೆ. ದೊಡ್ಡಪ್ಪ ಗೇಣು ಗೇಣಿಗೆ ಕೋಲು ಇಳಿಸುತ್ತ ಬರುವರು. ಎಲ್ಲ ಕಡೆ ಕೋಲು ತಡೆದು ನಿಲ್ಲುತ್ತದೆ. ಒಂದು ಕಡೆ ಮಾತ್ರ ಸರಕ್ಕನೆ ಒಳಗಿಳಿಯುತ್ತದೆ. ಇಳಿದ ಕ್ಷಣವೇ ಕೈ ಬಿಗಿಹಿಡಿಯಬೇಕು, ಇಲ್ಲದಿದ್ದರೆ ತುದಿಗೆ ಮೊಟ್ಟೆ ಒಡೆಯುತ್ತದೆ. “ಕಣ್ಣಿಗ್ ಕಾಂತಿಲ್ಲೆ ಹೆಣೆ, ಕೋಲಿಗ್ ಗೊತ್ತಾತ್ತ್” ಎನ್ನುತ್ತಿದ್ದರು ನನಗೆ.

ಆಮೇಲೆ ಮೊಣಕಾಲೂರಿ ಕೈಯಲ್ಲೇ ತೋಡುವುದು. ಮೊಳದಷ್ಟು ಆಳ, ಬಾಯಿ ಕಿರಿದು, ಹೊಟ್ಟೆ ಅಗಲ, ನೀರಿನ ಕೊಡದಂಥದೇ ಆಕಾರ. ಅದರೊಳಗೆ 100ರಿಂದ 120 ಮೊಟ್ಟೆ. ಚಿಪ್ಪು ಗಡುಸಲ್ಲ, ಬೆರಳಿನಿಂದ ಒತ್ತಿದರೆ ತಗ್ಗುತ್ತದೆ. ಎಷ್ಟು ಹೊತ್ತು ಬೇಯಿಸಿದರೂ ಬಿಳಿಯ ಭಾಗ ಗಟ್ಟಿಯಾಗುವುದಿಲ್ಲ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಸಂತೆಗೆ. ಮೂಲವ್ಯಾಧಿಗೆ ಮದ್ದು, ಬಾಣಂತಿಗೆ ಶಕ್ತಿ ಎಂಬ ನಂಬಿಕೆಯಿಂದ ಕೊಳ್ಳುವವರು ಹುಡುಕಿಕೊಂಡು ಬರುತ್ತಿದ್ದರು. ಇದನ್ನು ಕಳ್ಳತನವೆಂದು ಆಗ ಯಾರೂ ಎಣಿಸಿರಲಿಲ್ಲ. ಮಳೆಗಾಲದಲ್ಲಿ ದೋಣಿ ಇಳಿಯದೆ ಸಾಲ ಮಾಡಿ ಉಂಡ ಮನೆಗಳಿಗೆ ಚಳಿಗಾಲದ ಒಂದು ಗೂಡು ಎರಡು ದಿನದ ಅಕ್ಕಿ.

ಅದೇ ಜನ ಆಮೆಯನ್ನು ಮಾತ್ರ ಕೊಲ್ಲುತ್ತಿರಲಿಲ್ಲ. ಊರಿಗೆ ಊರೇ ಸೇರಿ ಎಳೆಯುವ ರಂಪಣಿ ಬಲೆಯಲ್ಲಿ ಬಂಗುಡೆ, ಭೂತಾಯಿಯ ಜೊತೆ ಆಮೆಯೂ ಬಂದರೆ ಅದರ ಬೆನ್ನಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಕೈಮುಗಿದು ನೀರಿಗೆ ಬಿಡುತ್ತಿದ್ದರು. ವಿಷ್ಣುವಿನ ಎರಡನೆಯ ಅವತಾರವದು. ಮೊಟ್ಟೆ ತಿನ್ನುವುದಕ್ಕೂ ಆಮೆಗೆ ಕೈಮುಗಿಯುವುದಕ್ಕೂ ಅವರಿಗೆ ವಿರೋಧ ಕಾಣುತ್ತಿರಲಿಲ್ಲ. ನನಗೂ ಕಾಣುವುದಿಲ್ಲ. ಬೇಕಾದ್ದನ್ನು ತೆಗೆದುಕೊಂಡು, ಕೊಟ್ಟದ್ದನ್ನು ಉಳಿಸುವ ಲೆಕ್ಕ ಅದು. ಲೆಕ್ಕ ತಪ್ಪಿದ್ದು ಮೊಟ್ಟೆಗೆ ಪೇಟೆಯ ಬೆಲೆ ಏರಿದಾಗ, ಅದಕ್ಕಿಂತ ಹೆಚ್ಚಾಗಿ ಕಡಲಿಗೆ ಯಂತ್ರ ಇಳಿದಾಗ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಡಲಾಮೆ ರಕ್ಷಣೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ತೊಡಗುತ್ತಾರೆ. ಹುಲಿಗೆ ಇರುವ ರಕ್ಷಣೆಯೇ ಕಡಲಾಮೆಗೂ ಇದೆ, ಎರಡೂ ಮೊದಲ ಪರಿಚ್ಛೇದದಲ್ಲಿವೆ. ಒಡಿಶಾದ ಗಹಿರ್ಮಾಥಾದಲ್ಲಿ ಸಾವಿರಾರು ಆಮೆಗಳು ಒಟ್ಟಿಗೆ ಮೇಲೇರಿ ಮೊಟ್ಟೆಯಿಡುವುದು ವಿಜ್ಞಾನ ಲೋಕಕ್ಕೆ ತಿಳಿದದ್ದು 1974ರಲ್ಲಿ, ಎಚ್.ಆರ್. ಬಸ್ಟಾರ್ಡ್ ಅವರಿಂದ. ಆ ತೀರದಿಂದ ಜೀವಂತ ಆಮೆಗಳು ಕಲ್ಕತ್ತಾದ ಮಾರುಕಟ್ಟೆಗೆ ರೈಲಿನಲ್ಲಿ ಹೋಗುತ್ತಿದ್ದ ಕಾಲ ಅದು. ಅದೇ ಹೊತ್ತಿಗೆ ಮದರಾಸಿನಲ್ಲಿ ರೊಮುಲಸ್ ವಿಟೇಕರ್, ಸತೀಶ್ ಭಾಸ್ಕರ್ ಮತ್ತು ಗೆಳೆಯರು ರಾತ್ರಿ ತೀರದಲ್ಲಿ ನಡೆದು ಮೊಟ್ಟೆ ಎತ್ತಿ ಬೇಲಿಯೊಳಗೆ ಹೂಳಿ ಮರಿ ಮಾಡಿಸತೊಡಗಿದ್ದರು. ಸತೀಶ್ ಭಾಸ್ಕರ್ ಆಮೇಲೆ ದೇಶದ ಕರಾವಳಿ, ದ್ವೀಪಗಳನ್ನು ಕಾಲ್ನಡಿಗೆಯಲ್ಲಿ ಅಳೆದ ಮನುಷ್ಯ. 1982ರ ಮಳೆಗಾಲವನ್ನು ಲಕ್ಷದ್ವೀಪದ ನಿರ್ಜನ ಸುಹೇಲಿಯಲ್ಲಿ ಒಬ್ಬರೇ ಕಳೆದರು. ಅಲ್ಲಿಂದ ಬಾಟಲಿಯಲ್ಲಿ ಹಾಕಿ ತೇಲಿಬಿಟ್ಟ ಕಾಗದ ಶ್ರೀಲಂಕಾದ ತೀರದಲ್ಲಿ ಸಿಕ್ಕಿ ಅವರ ಹೆಂಡತಿಯ ಕೈ ಸೇರಿತು. 1988ರಲ್ಲಿ ಮದರಾಸಿನ ವಿದ್ಯಾರ್ಥಿಗಳು ತಮ್ಮದೇ ಬಳಗ ಕಟ್ಟಿದರು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕಾರ್ತಿಕ್ ಶಂಕರ್ ಇಂದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು. ಭಾರತದ ಕಡಲಾಮೆ ರಕ್ಷಣೆಯ ಕಥೆಯನ್ನು 2015ರಲ್ಲಿ ಪುಸ್ತಕವಾಗಿ ಬರೆದರು. ನಾನಿರುವ ಬೆಂಗಳೂರಿನ ಬಸವೇಶ್ವರನಗರದಿಂದ ಆ ಸಂಸ್ಥೆ ನಾಲ್ಕು ಹೆಜ್ಜೆ. ಕಡಲಿಲ್ಲದ ಊರಿನಲ್ಲಿ ಕುಳಿತು ಕಡಲಾಮೆಯ ಲೆಕ್ಕ ಇಡುವವರು ಇದ್ದಾರೆಂದು ತಿಳಿದಾಗ ನನಗಾದ ಸಂತೋಷ ದೊಡ್ಡದು.

ಇವರಲ್ಲಿ ಹಲವರು ಗೂಡು ಹುಡುಕುವುದನ್ನು ಕಲಿತದ್ದು ತೀರದ ಜನರಿಂದಲೇ. ಮದರಾಸಿನ ವಿದ್ಯಾರ್ಥಿಗಳ ಕೈಯಲ್ಲೂ ಇದ್ದದ್ದು ಅದೇ ಕೋಲು. ಕಾಯ್ದೆ ಮೊಟ್ಟೆ ತೆಗೆಯುವುದನ್ನು ಅಪರಾಧ ಮಾಡಿತು ನಿಜ, ಆದರೆ ಗೂಡು ಎಲ್ಲಿದೆ ಎಂದು ಕಾಯ್ದೆಗೆ ಗೊತ್ತಿರಲಿಲ್ಲ. ಮೊಟ್ಟೆ ತೆಗೆದವರಿಗೆ ಗೊತ್ತಿತ್ತು.

ನಮ್ಮ ಕರಾವಳಿ 300 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಇಲ್ಲಿ ಒಡಿಶಾದ ಹಾಗೆ ಜಾತ್ರೆ ಸೇರುವುದಿಲ್ಲ. ಆಲಿವ್ ರಿಡ್ಲೆ ಆಮೆಗಳು ಒಂದೊಂದಾಗಿ ಬಂದು ಹೋಗುತ್ತವೆ, ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು ಟೊಂಕ, ನಮ್ಮ ಕೋಡಿ, ಮಂಗಳೂರಿನ ಸಸಿಹಿತ್ಲು ಹೀಗೆ. ಚದುರಿ ಬರುವುದರಿಂದ ಸುದ್ದಿಯೂ ಆಗಲಿಲ್ಲ, ಕಾವಲೂ ತಡವಾಗಿ ಬಂತು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಎಫ್‌ಎಸ್‌ಎಲ್ ಇಂಡಿಯಾ ಸಂಸ್ಥೆ ಕುಂದಾಪುರದಲ್ಲಿ ಠಾವು ಹೂಡಿ, ದೇಶ ವಿದೇಶದ ಸ್ವಯಂಸೇವಕರನ್ನು ಕರೆತಂದು, ಮೀನುಗಾರರ ಜೊತೆ ಸೇರಿ ಗೂಡು ಕಾಯುವ ಕೆಲಸ ಮಾಡಿತು. ಬಿಳಿಯ ಹುಡುಗ ಹುಡುಗಿಯರು ನಸುಕಿನಲ್ಲಿ ಕೋಡಿಯ ಹೊಯ್ಗೆಯ ಮೇಲೆ ನಡೆಯುವುದನ್ನು ನಮ್ಮ ಹೆಂಗಸರು ಕೌತುಕದಿಂದ ನೋಡಿದರು. ದಕ್ಷಿಣದಲ್ಲಿ, ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ನೆಯ್ದಲ್ ಎಂಬ ಊರವರ ಬಳಗ ಇದೇ ಕೆಲಸ ಮಾಡುತ್ತ ಬಂದಿದೆ. ಈಗ ಅರಣ್ಯ ಇಲಾಖೆಯೇ ಮುಂದೆ ನಿಂತಿದೆ, ಗೂಡಿನ ಸುದ್ದಿ ಕೊಟ್ಟವರಿಗೆ ಬಹುಮಾನದ ಹಣವೂ ಇದೆ.

ದೊಡ್ಡಪ್ಪನ ಮಗ, ನನಗೆ ಅಣ್ಣ, ಹಾಗೆ ಸುದ್ದಿ ಕೊಡುವವರಲ್ಲಿ ಒಬ್ಬ. ಗೂಡು ಇದ್ದಲ್ಲೇ ಉಳಿಯುವಂತಿದ್ದರೆ ನಾಯಿ, ನರಿ ಬಾರದಂತೆ ಸುತ್ತ ಬಲೆ ಕಟ್ಟುತ್ತಾರೆ. ತೆರೆ ಬಡಿಯುವ ಜಾಗವಾದರೆ ಇಲಾಖೆಯವರ ಮುಂದೆ ಮೊಟ್ಟೆ ಎತ್ತಬೇಕು. ಅಣ್ಣ ಮೊಟ್ಟೆ ಎತ್ತುವುದನ್ನು ಹತ್ತಿರದಿಂದ ನೋಡಿದ್ದೇನೆ. ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು, ಗೂಡಿನಲ್ಲಿ ಹೇಗಿತ್ತೋ ಹಾಗೆಯೇ, ಮೇಲಿನ ಬದಿ ಮೇಲೆಯೇ ಇರುವಂತೆ ಬುಟ್ಟಿಯ ಹೊಯ್ಗೆಯಲ್ಲಿ ಇಡುತ್ತಾನೆ. ಇಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮಗುಚಿದರೆ ಸಾಯುತ್ತದೆ. ಹೊಸ ಗುಂಡಿಯನ್ನೂ ಅವನು ತೋಳು ಇಳಿಸಿ ಅಗಲ ನೋಡಿಯೇ ತೋಡುವುದು. ಮೊಟ್ಟೆ ಮಾರಿದ ತಂದೆಯ ಕೈಯಲ್ಲಿದ್ದ ಎಚ್ಚರವೇ ಮಗನ ಕೈಯಲ್ಲೂ ಇದೆ.

ಮರಿ ಹೊರಬರಲು 45ರಿಂದ 60 ದಿನ. ಗಂಡೋ ಹೆಣ್ಣೋ ಎಂಬುದನ್ನು ಹೊಯ್ಗೆಯ ಕಾವು ತೀರ್ಮಾನಿಸುತ್ತದೆ. ಕಾವು ಹೆಚ್ಚಾದಷ್ಟು ಹೆಣ್ಣು, ತೀರಾ ಹೆಚ್ಚಾದರೆ ಮೊಟ್ಟೆಯೊಳಗೇ ಸಾವು. ಬೇಸಿಗೆ ವರ್ಷ ವರ್ಷ ಬೇಗ ಬರುತ್ತಿರುವಾಗ ಮಾರ್ಚ್, ಏಪ್ರಿಲಿನ ಗೂಡುಗಳ ಬಗ್ಗೆ ನನಗೆ ಭಯವಿದೆ. ಮರಿ ಕಾಯುವ ಬೇಲಿಯ ಮೇಲೆ ಮಡಲು ಹೊದಿಸಿ ನೆರಳು ಮಾಡುವುದು ಅದಕ್ಕಾಗಿಯೇ.

ನಾನು ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ವಿಜಯನಗರ, ಬಸವೇಶ್ವರನಗರದ ಮಕ್ಕಳಿಗೆ ಬೇಸಿಗೆ ಎಂದರೆ ಕರಾಟೆ, ಈಜು, ಚಿತ್ರಕಲೆಯ ಶಿಬಿರಗಳು. ಅದರಲ್ಲಿ ಕೆಲವರನ್ನು, ಅಪ್ಪ ಅಮ್ಮಂದಿರ ಜೊತೆಗೇ, ಕೋಡಿಗೆ ಕರೆದೊಯ್ಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಸಂಜೆ ಯಶವಂತಪುರದಲ್ಲಿ ಪಂಚಗಂಗಾ ಹತ್ತಿದರೆ ಕುಣಿಗಲ್, ಹಾಸನ ದಾಟಿ ಘಾಟಿ ಇಳಿದು ನಸುಕಿಗೆ ಕುಂದಾಪುರ. ಗಂಗೊಳ್ಳಿಯಲ್ಲಿ ಕಡಲು ಸೇರುವ ಐದು ನದಿಗಳ ಹೆಸರು ಆ ರೈಲಿಗೆ. ಪರೀಕ್ಷೆ ಮುಗಿದು ಶಾಲೆ ಬಿಡುವ ಹೊತ್ತಿಗೆ ಹೆಚ್ಚಿನ ಗೂಡುಗಳು ಒಡೆದಾಗಿರುತ್ತವೆ, ಕಡೆಯ ಕೆಲವು ಮಾತ್ರ ಸಿಕ್ಕಾವು. ಮರಿ ನೋಡಲು ಸಿಗದಿದ್ದರೂ ಮಾಡುವ ಕೆಲಸಕ್ಕೆ ಕೊರತೆಯಿಲ್ಲ. ತೀರದಲ್ಲಿ ಬಿದ್ದ ಹರಕು ನೈಲಾನ್ ಬಲೆ ಬಿಡಿಸಿ ಒಟ್ಟು ಮಾಡುತ್ತಾರೆ. ಪ್ರವಾಸಿಗರು ಹಗಲು ತೋಡಿದ ಹೊಯ್ಗೆಯ ಹೊಂಡಗಳನ್ನು ಸಂಜೆ ಮುಚ್ಚುತ್ತಾರೆ, ಏಕೆಂದರೆ ಅಂಗೈಯಗಲವೂ ಇಲ್ಲದ ಮರಿಗೆ ಮೊಣಕಾಲುದ್ದದ ಹೊಂಡ ಬಾವಿ. ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟುತ್ತಾರೆ. ಮರಿ ಹೊರಬರುವ ರಾತ್ರಿ ಸಿಕ್ಕಿದರೆ ಇಲಾಖೆಯವರು ಗೆರೆ ಎಳೆದಲ್ಲಿ ನಿಲ್ಲಬೇಕು, ಮುಟ್ಟುವ ಹಾಗಿಲ್ಲ, ಫ್ಲ್ಯಾಶ್ ಹಾಕಿ ಫೋಟೋ ತೆಗೆಯುವ ಹಾಗಿಲ್ಲ. ಮರಿ ಬೆಳಕು ಇರುವ ಕಡೆ ಓಡುತ್ತದೆ. ಹಿಂದೆ ರಾತ್ರಿ ಬೆಳಕಿದ್ದದ್ದು ಕಡಲ ದಿಗಂತದಲ್ಲಿ ಮಾತ್ರ. ಈಗ ರಸ್ತೆ ದೀಪ, ರೆಸಾರ್ಟಿನ ದೀಪ ಬೆನ್ನ ಹಿಂದಿವೆ. ಮಕ್ಕಳಿಗೆ ಇದು ಒಂದೇ ರಾತ್ರಿಯಲ್ಲಿ ಅರ್ಥವಾಗುತ್ತದೆ.

ಕೆಂಗೇರಿಯ ಮಕ್ಕಳು ಬಂದಾಗ ವೃಷಭಾವತಿಯ ಮಾತು ತೆಗೆಯುತ್ತೇನೆ. ಅವರ ಮನೆಯ ಹತ್ತಿರ ನೊರೆ ಹೊತ್ತು ಹರಿಯುವ ಆ ನೀರು ಅರ್ಕಾವತಿ ಸೇರಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಾಗಪಟ್ಟಣದ ಕಡೆಯ ಆ ತೀರವೂ ರಿಡ್ಲೆಗಳು ಮೊಟ್ಟೆಯಿಡುವ ತೀರವೇ.

ಮಕ್ಕಳ ಬೇಸಿಗೆಯ ಕೆಲಸದಿಂದ ಆಗದ ಸಂಗತಿಗಳೂ ಇವೆ. ಟ್ರಾಲ್ ಬಲೆಗೆ ಸಿಕ್ಕ ಆಮೆ ಉಸಿರಿಗೆ ಮೇಲೆ ಬರಲಾರದೆ ಸಾಯುತ್ತದೆ. ಅದು ತಪ್ಪಿಸಿಕೊಳ್ಳುವಂತೆ ಬಲೆಯೊಳಗೆ ಕೂರಿಸುವ ಸರಳುಗಳ ಚೌಕಟ್ಟನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮಾಡಿಕೊಟ್ಟಿದೆ. ಅದನ್ನು ಬಳಸದ ಕಾರಣಕ್ಕೆ 2019ರಿಂದ ಅಮೆರಿಕ ನಮ್ಮ ಕಡಲಿನಲ್ಲಿ ಹಿಡಿದ ಸೀಗಡಿಯನ್ನು ಕೊಳ್ಳುವುದನ್ನೇ ನಿಲ್ಲಿಸಿತು. ಮೀನು ಜಾರಿಹೋಗುತ್ತದೆಂಬ ದೋಣಿಯವರ ಅಳಲು ಸುಳ್ಳಲ್ಲ, ಆ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ಇನ್ನು ಕಡಲ್ಕೊರೆತಕ್ಕೆಂದು ಸುರಿದ ಕಲ್ಲಿನ ತಡೆಗೋಡೆ. ಮರವಂತೆಯ ಕಡೆ ನೋಡಿ, ಬಂಡೆಯ ಸಾಲು ಎದ್ದಲ್ಲಿ ಆಮೆ ಹತ್ತಲು ಹೊಯ್ಗೆಯೇ ಉಳಿದಿಲ್ಲ. ಅಡುಂಬು ಬಳ್ಳಿ ಹಬ್ಬಿ ಹೊಯ್ಗೆ ಹಿಡಿದಿಡುತ್ತಿದ್ದ ಕಡೆ ಗಾಳಿ ಮರ ನೆಟ್ಟದ್ದೂ ಒಳ್ಳೆಯದಾಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾಸರಕೋಡು ಟೊಂಕದಲ್ಲಿ ನಡೆದದ್ದು ನನಗೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಖಾಸಗಿ ಬಂದರನ್ನು ವಿರೋಧಿಸಿದ ಮೀನುಗಾರರು ತಮ್ಮ ಮನೆ, ಒಣಮೀನಿನ ಕಣದ ಜೊತೆಗೆ ಕಡಲಾಮೆಯ ಗೂಡುಗಳನ್ನೂ ಸಾಕ್ಷಿಯಾಗಿ ಮುಂದಿಟ್ಟರು. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಆಮೆ ಮೊಟ್ಟೆಯಿಡುವ ಜಾಗಕ್ಕೆ ಅತಿ ಬಿಗಿಯಾದ ರಕ್ಷಣೆಯಿದೆ. ಅಜ್ಜಂದಿರು ಸಂತೆಗೆ ಒಯ್ಯುತ್ತಿದ್ದ ಮೊಟ್ಟೆಯನ್ನು ಮೊಮ್ಮಕ್ಕಳು ತಮ್ಮ ನೆಲದ ಹಕ್ಕಿಗೆ ಆಧಾರ ಮಾಡಿಕೊಂಡರು. ಅದೇ ಕಾಸರಕೋಡಿಗೆ 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮನ್ನಣೆ ಬಂದದ್ದೂ ಹೌದು. ಈಗ ಅದೇ ಹೊನ್ನಾವರ ತಾಲೂಕಿನಲ್ಲಿ ಅಪ್ಸರಕೊಂಡ–ಮುಗಳಿ ಧಾಮ ಆಗಿದೆ, ರಾಜ್ಯದ ಮೊದಲ ಕಡಲ ವನ್ಯಜೀವಿಧಾಮ, ಸುಮಾರು 6,000 ಹೆಕ್ಟೇರ್. ಅಲ್ಲಿ ಯಾರು ಎಲ್ಲಿ ಬಲೆ ಬೀಸಬಹುದು, ಯಾವ ತಿಂಗಳು ತೀರದ ದೀಪ ಆರಿಸಬೇಕು ಎಂಬುದನ್ನೆಲ್ಲ ನಿಶ್ಚಯಿಸುವ ಮೊದಲು ಖಾರ್ವಿ, ಅಂಬಿಗ, ಹರಿಕಂತ್ರ ಕೇರಿಗಳಿಗೆ ಅಧಿಕಾರಿಗಳೇ ಹೋಗಿ ಕೇಳಬೇಕು. ಆ ಕೇರಿಗಳ ಹಿರಿಯರಿಗೆ ಯಾವ ದಿಬ್ಬಕ್ಕೆ ಯಾವ ತಿಂಗಳಲ್ಲಿ ಆಮೆ ಬರುತ್ತದೆಂಬುದು ಬಾಯಿಪಾಠವಿದೆ, ಕೇಳಿ ಬರೆದುಕೊಳ್ಳಲು ಈ ಬೇಸಿಗೆಯೇ ಸಾಕು.