ಒಂದು ರೀಲು, ಎರಡು ಕವಲು: ‘ಜಗದೀಶ ಗುರುಗುಹ’ದ ಮಟ್ಟಿನ ಹಿನ್ನೆಲೆ

ಕೊರವಂಗಲದ ಬೂಚೇಶ್ವರ ದೇವಾಲಯ 1173ರದು, ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಕಾಲದ್ದು. ಹಾಸನ ಸೀಮೆಯ ಇಂಥ ಹೊಯ್ಸಳ ಗುಡಿಗಳಲ್ಲಿ ಮದ್ದಳೆ, ತಾಳ, ಕೊಳಲು ಹಿಡಿದ ಮೂರ್ತಿಗಳು ಸಾಲುಸಾಲಾಗಿ ಕಾಣುತ್ತವೆ. ಆ ಸಾಲಿನಲ್ಲಿ ಪಿಟೀಲನ್ನೂ ಹುಡುಕಿ ಹೆಮ್ಮೆಪಡುವುದು ಬೇಡ. ಈಗಿನ ಪಿಟೀಲು ರೂಪು ತಳೆದದ್ದು 16ನೇ ಶತಮಾನದ ಇಟಲಿಯಲ್ಲಿ. ದಕ್ಷಿಣದ ಕಛೇರಿಗೆ ಅದು ಕಾಲಿಟ್ಟದ್ದು ಇನ್ನೂ ಎರಡು ಶತಮಾನ ಕಳೆದ ಮೇಲೆ. ಅದರ ಜೊತೆಗೇ ಕೆಲವು ಮಟ್ಟುಗಳೂ ಹಡಗೇರಿ ಬಂದವು. ಅಂಥ ಒಂದು ಮಟ್ಟಿನ ವಂಶಾವಳಿಯನ್ನು ಇಲ್ಲಿ ಗುರುತಿಸಿದ್ದೇನೆ.

ಅಮೆರಿಕದ ತೆಂಕಣ ರಾಜ್ಯಗಳ ಹಳೆಯ ಪಿಟೀಲು ವಾದಕರಲ್ಲಿ ‘ಲೆದರ್ ಬ್ರಿಚಸ್’ ಎಂಬ ಕುಣಿತದ ಮಟ್ಟು ಬಲು ಪ್ರಸಿದ್ಧ. ಮಿಸಿಸಿಪಿಯ ಲೀಕ್ ಕೌಂಟಿ ರೆವೆಲರ್ಸ್ ತಂಡ 1927ರಲ್ಲಿ ಇದನ್ನು ಧ್ವನಿಮುದ್ರಿಸಿತು. ಇದರ ಮೂಲ 18ನೇ ಶತಮಾನದ ಸ್ಕಾಟ್ಲೆಂಡಿನ ‘ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್’. ಸ್ಕೈ ದ್ವೀಪದ ಮ್ಯಾಕ್‌ಡೊನಾಲ್ಡ್ ಮನೆತನದ ಸರ್ ಅಲೆಕ್ಸಾಂಡರ್ ಕಟ್ಟಿದ್ದೆಂಬುದು ಪರಂಪರೆಯ ಮಾತು. ವಲಸೆಗಾರರ ಬೆನ್ನ ಮೇಲೆ ಪಡುವಣಕ್ಕೆ ಹೋದ ಈ ರೀಲು ಹೆಸರು ಕಳೆದುಕೊಂಡು ಬೇರೆ ಹೆಸರು ಪಡೆಯಿತು. ಮೂಡಣಕ್ಕೆ ಬಂದದ್ದು ಸಂಸ್ಕೃತ ಸಾಹಿತ್ಯವನ್ನೇ ಪಡೆಯಿತು. ಮುತ್ತುಸ್ವಾಮಿ ದೀಕ್ಷಿತರ ‘ಜಗದೀಶ ಗುರುಗುಹ’ ಇದೇ ರೀಲಿನ ಮಟ್ಟಿನಲ್ಲಿದೆ.

ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರಿಗೆ ಮದರಾಸಿನ ಬಳಿಯ ಮಣಲಿಯಲ್ಲಿ ಮುದ್ದುಕೃಷ್ಣ ಮೊದಲಿಯಾರರ ಆಶ್ರಯವಿತ್ತು. ಮೊದಲಿಯಾರರದು ಈಸ್ಟ್ ಇಂಡಿಯಾ ಕಂಪನಿಯೊಡನೆ ವ್ಯವಹಾರವಿದ್ದ ಮನೆ. ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ಅಲ್ಲಿಗೆ ದೂರವಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನವನೊಬ್ಬನಿಂದ ಪಿಟೀಲು ಕಲಿತ ಸಂಗತಿಯನ್ನು ಸುಬ್ಬರಾಮ ದೀಕ್ಷಿತರು 1904ರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ದಾಖಲಿಸಿದ್ದಾರೆ. ಅಣ್ಣನ ಕಿವಿಗೆ ಈ ಮಟ್ಟುಗಳು ಬಿದ್ದದ್ದು ಕೋಟೆಯ ಬ್ಯಾಂಡಿನಿಂದಲೋ ತಮ್ಮನ ಸಾಧಕದಿಂದಲೋ ಎಂಬ ಚರ್ಚೆ ಇದ್ದದ್ದೇ. ಎರಡೂ ಸೇರಿರಬೇಕೆಂದು ನನ್ನ ಎಣಿಕೆ. ಹೀಗೆ ಪಾಶ್ಚಾತ್ಯ ಮಟ್ಟುಗಳಿಗೆ ಸಾಹಿತ್ಯ ಕೂಡಿಸಿದ ದೀಕ್ಷಿತರ ರಚನೆಗಳೇ ನೊಟ್ಟುಸ್ವರಗಳು; ಒಟ್ಟು 40ರ ಆಸುಪಾಸು. ಹೆಚ್ಚುಕಡಿಮೆ ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ.

ಇವನ್ನು ಮಕ್ಕಳ ಪಾಠವೆಂದು ಬದಿಗೆ ಸರಿಸುವುದುಂಟು. ಸಾಹಿತ್ಯ ಕೂಡಿಸಿದ ಕೈಚಳಕವನ್ನು ನೋಡಿದರೆ ಹಾಗೆ ಅನ್ನಲಾಗದು. ಇನ್ನೊಂದು ನೊಟ್ಟುಸ್ವರ ‘ವಂದೇ ಮೀನಾಕ್ಷಿ’ಯ ಮೂಲ ಐರ್ಲೆಂಡಿನ ‘ರೇಕ್ಸ್ ಆಫ್ ಮ್ಯಾಲೋ’. ಆ ಮಟ್ಟು ಸ ಗ ಸ ಗ ಎಂದು ಹೆಜ್ಜೆಯಿಟ್ಟು, ಮುಂದೆ ನಿ ರಿ ನಿ ರಿ ಎಂದು ಒಂದು ಮೆಟ್ಟಿಲು ಇಳಿಯುತ್ತದೆ. ದಾಟುವರಸೆ ಕಲಿತ ಹುಡುಗರಿಗೆ ಇದು ಹೊಸದಲ್ಲ. ಸಮ ಅಳತೆಯ ನಾಲ್ಕು ಸ್ವರಕ್ಕೆ ದೀಕ್ಷಿತರು ವಂ, ದೇ, ಮೀ, ನಾ ಎಂಬ ನಾಲ್ಕೂ ಗುರುಗಳನ್ನೇ ಇಟ್ಟಿದ್ದಾರೆ. ‘ಜಗದೀಶ ಗುರುಗುಹ’ದಲ್ಲಿ ಇದಕ್ಕೆ ತಿರುವುಮುರುವು. ಎಂಟು ಅಕ್ಷರಗಳಲ್ಲಿ ‘ದೀ’ ಒಂದೇ ಗುರು, ಉಳಿದ ಏಳೂ ಲಘು. ರೀಲೆಂದರೆ ಬಿಡುವಿಲ್ಲದ ಓಟದ ಕುಣಿತ. ಕಮಾನು ಚಕಚಕನೆ ಮೇಲೆ ಕೆಳಗೆ ಹೊಡೆಯಬೇಕು. ಆ ಹೊಡೆತವೇ ಲಘುಗಳಾಗಿ ಇಳಿದಿದೆ. ಮಟ್ಟನ್ನು ದೂರದಿಂದ ಕೇಳಿ ಮೆಚ್ಚಿದವರ ಕೆಲಸ ಇದಲ್ಲ, ಕಮಾನಿನ ನಡೆಯನ್ನು ಹತ್ತಿರದಿಂದ ಕಂಡವರದು.

ಮೈಸೂರು ಸಂಸ್ಥಾನಕ್ಕೂ ಪಾಶ್ಚಾತ್ಯ ಮಟ್ಟುಗಳ ಈ ಗೀಳು ತಟ್ಟದೆ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ ‘ಇಂಗ್ಲಿಷ್ ನೋಟ್’ ಮದುರೈ ಮಣಿ ಅಯ್ಯರ್ ಅವರಿಂದಾಗಿ ಕಛೇರಿಯ ಕೊನೆಯ ಬಾಯಿರುಚಿಯಾಯಿತು.

ಇನ್ನು ಹಾಸನ ಜಿಲ್ಲೆಯಲ್ಲಿ ಪಿಟೀಲಿನ ನೆಲೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಂಡೆಯ ಈ ಸಂಕೇತಿಗಳ ಊರು ಗಾಯಕ ಆರ್.ಕೆ. ಶ್ರೀಕಂಠನ್ (1920–2014) ಅವರನ್ನೂ ಅವರ ಅಣ್ಣ, ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳನ್ನೂ ಕೊಟ್ಟಿತು. ಆರ್.ಕೆ. ಪದ್ಮನಾಭರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಧ್ಯಾನಮಂದಿರವೂ ಎದ್ದಿದೆ. ಈ ಪರಂಪರೆಯ ಕೈಯಲ್ಲಿ ಪಿಟೀಲು ಪೂರ್ತಿ ನಮ್ಮದಾಗಿದೆ: ನೆಲದ ಮೇಲೆ ಕುಳಿತ ವಾದಕರ ಪಾದದ ಮೇಲೆ ಅದರ ತಲೆ, ತಂತಿಗಳ ಶ್ರುತಿ ಸ ಪ ಸ ಪ, ಎಡಗೈ ತುಂಬ ಗಮಕ. ವಾದ್ಯ ಹೀಗೆ ಕರಗಿ ಒಂದಾದರೂ ಅದರ ಜೊತೆಗೆ ಬಂದ ಮಟ್ಟು ಮಾತ್ರ ಬೆರೆಯಲಿಲ್ಲ. ನೊಟ್ಟುಸ್ವರವನ್ನು ಇಂದಿಗೂ ಗಮಕ ಬಿಟ್ಟೇ ನುಡಿಸುತ್ತಾರೆ. ಹಾಗಾಗಿ ನೊಟ್ಟುಸ್ವರಗಳಿಂದಲೇ ಪಿಟೀಲು ನಮ್ಮಲ್ಲಿ ಬೇರೂರಿತು ಎಂಬ ವಾದ ನಿಲ್ಲುವುದಿಲ್ಲ. ಬೇರೂರಿದ್ದು ಹಾಡುಗಾರಿಕೆಯ ಪಕ್ಕವಾದ್ಯವಾಗಿ.

ಪಿಟೀಲು ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ‘ಜಗದೀಶ ಗುರುಗುಹ’ ಪಾಠ ಮಾಡುವ ದಿನ ಲೀಕ್ ಕೌಂಟಿಯವರ 1927ರ ತಟ್ಟೆಯನ್ನೂ ಮಕ್ಕಳಿಗೆ ಕೇಳಿಸಿ, ಎರಡರಲ್ಲಿ ಯಾವ ಸಂಗತಿ ಉಳಿದಿದೆ, ಯಾವುದು ಸವೆದಿದೆ ಎಂದು ಅವರಿಂದಲೇ ಸ್ವರ ಬರೆಸಿ ನೋಡಬೇಕು.